ಹಸಿದುಕೊಂಡು ಹೋಗಬೇಕಾದ ಟೀ

ಹಾವೇರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿನ ಬಾರ್ನ್‌ಸ್ಲಿ ಎಂಬ ಊರಿಗೆ ಹೋದಳು. ಭಾಷಾ ಪರೀಕ್ಷೆಯಲ್ಲಿ ಒಳ್ಳೆಯ ಅಂಕ, ವ್ಯಾಕರಣದಲ್ಲಿ ಒಂದು ತಪ್ಪು ಹುಡುಕುವ ಹಾಗಿಲ್ಲ. ಹೋದ ಎರಡನೇ ವಾರ, ಜತೆಗೆ ಕೆಲಸ ಮಾಡುವ ಹಿರಿಯಾಕೆಯೊಬ್ಬರು ಅವಳನ್ನು ನಿಲ್ಲಿಸಿ ಹೀಗೆ ಹೇಳಿದರಂತೆ:

‘ಆಮ್ ಆನ್ ನೈನ್ ವೈಲ್ ಫೈವ್. ಕಮ್ ಫಾರ್ ದಿ ಟೀ ಆಫ್ಟರ್. ಇಟ್ಸ್ ನೌಟ್ ಫ್ಯಾನ್ಸಿ, ಲವ್.’

ಇವಳಿಗೆ ಕೇಳಿಸಿದ್ದು ಒಂಬತ್ತು, ಐದು, ಟೀ. ಸಂಜೆ ಟೀ ಕುಡಿಯೋಕೆ ಕರೆದಿದ್ದಾರೆ ಅಂದುಕೊಂಡಳು. ಹಸಿದುಕೊಂಡು ಹೋಗಿ ಬಿಸ್ಕತ್ತಿನ ಮೇಲೆ ಕಣ್ಣಿಡುವುದು ಮರ್ಯಾದೆಯಲ್ಲವೆಂದು ಮನೆಯಲ್ಲೇ ಅನ್ನ ಸಾರು ಉಂಡು ಹೊರಟಳು. ಅಲ್ಲಿ ನೋಡಿದರೆ ಮೇಜಿನ ಮೇಲೆ ತಟ್ಟೆ ತುಂಬ ಬೇಯಿಸಿದ ಆಲೂಗಡ್ಡೆ, ಬಟಾಣಿ, ದೊಡ್ಡದೊಂದು ಪೈ, ಅದರ ಮೇಲೆ ಗ್ರೇವಿ. ಟೀ ಎಲ್ಲೂ ಕಾಣಲಿಲ್ಲ. ಕರೆದವರ ಮುಖ ನೋಡಿ ಎರಡನೇ ಊಟವನ್ನೂ ಮುಗಿಸಿ, ರಾತ್ರಿ ನನಗೆ ಫೋನ್ ಮಾಡಿದಳು. ‘ಸರ್, ನೀವು ಕಲಿಸಿದ್ದು ಯಾವ ಊರಿನ ಇಂಗ್ಲಿಷು?’

ಕೇಳಬೇಕಾದ ಪ್ರಶ್ನೆಯೇ. ನಾವು ಶಾಲೆಯಲ್ಲಿ ಕಲಿಸುವುದು ಯಾವ ಊರಿನದೂ ಅಲ್ಲದ ಇಂಗ್ಲಿಷು. ಪುಸ್ತಕ, ಪತ್ರಿಕೆ, ಕಚೇರಿಯ ಕಾಗದಗಳಲ್ಲಿ ಅದು ನಡೆಯುತ್ತದೆ. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಊರಿನ ಮಾತು ಶುರುವಾಗುತ್ತದೆ. ಆ ಮೂರು ಸಣ್ಣ ವಾಕ್ಯಗಳಲ್ಲಿ ಐದು ಮಾತುಗಳು ಬಾರ್ನ್‌ಸ್ಲಿ ಇರುವ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬಳಕೆಯವು: ವೈಲ್, ದಿ, ಟೀ, ನೌಟ್, ಲವ್. ಒಂದೊಂದನ್ನೂ ಬಿಡಿಸಿ ನೋಡಿದರೆ ಇಂಗ್ಲೆಂಡಿನ ಊರುಮಾತಿನ ಅರ್ಧ ಪಾಠ ಮುಗಿದ ಹಾಗೆ.

ಮೊದಲು ಮೂರು ಡಬ್ಬಿ

ಹೊಸಬರು ಅರ್ಥವಾಗದ ಇಂಗ್ಲಿಷನ್ನೆಲ್ಲ ‘ಸ್ಲ್ಯಾಂಗ್’ ಎಂದು ಒಂದೇ ಡಬ್ಬಿಗೆ ತುಂಬುತ್ತಾರೆ. ಅದನ್ನು ಮೂರಾಗಿ ವಿಂಗಡಿಸಿಕೊಳ್ಳಿ.

ಮೊದಲನೆಯದು ಉಚ್ಚಾರ. ಪದ ಅದೇ, ಬಾಯಿ ಬೇರೆ. ನಮ್ಮಲ್ಲಿ ಕೆಲವು ಕಡೆ ‘ಹಾಲು’ ಎನ್ನುವುದು ‘ಆಲು’ ಆಗುತ್ತದಲ್ಲ, ಹಾಗೆ ಲಂಡನ್ನಿನ ಕಾಕ್ನಿ ಮಾತಿನವರ ಬಾಯಲ್ಲಿ ‘ಹೌಸ್’ ಎಂಬುದು ‘ಔಸ್’. ಎರಡನೆಯದು ಪ್ರಾದೇಶಿಕ ನುಡಿ. ಇಲ್ಲಿ ಪದವೂ ವ್ಯಾಕರಣವೂ ಬೇರೆ. ಮೈಸೂರಿನ ‘ಹೋಗ್ತೀನಿ’ ಮಂಗಳೂರಲ್ಲಿ ‘ಹೋಗ್ತೇನೆ’ ಆಗಿ, ಧಾರವಾಡದಲ್ಲಿ ‘ಹೊಕ್ಕೀನಿ’ ಆಗುತ್ತದೆ. ಮೂರರಲ್ಲಿ ಯಾವುದೂ ತಪ್ಪಲ್ಲ, ಮೂರಕ್ಕೂ ಅದರದರ ನಿಯಮವಿದೆ. ಮೂರನೆಯದು ಸ್ಲ್ಯಾಂಗ್. ಇದು ಊರಿಗಿಂತ ಹೆಚ್ಚಾಗಿ ಗುಂಪಿಗೆ, ವಯಸ್ಸಿಗೆ, ಕಾಲಕ್ಕೆ ಸೇರಿದ್ದು. ‘ಬೊಂಬಾಟ್’ ಅನ್ನುವ ಅಪ್ಪನಿಗೆ ‘ಸಕ್ಕತ್’ ಅನ್ನುವ ಮಗ ಹುಟ್ಟುವುದು ಹೀಗೆ. ಸ್ಲ್ಯಾಂಗ್ ಬೇಗ ಹಳೆಯದಾಗುತ್ತದೆ. ಊರುಮಾತು ಸಾವಿರ ವರ್ಷ ಬಾಳುವುದೂ ಉಂಟು.

ನನ್ನ ವಿದ್ಯಾರ್ಥಿನಿ ಎಡವಿದ್ದು ಎರಡನೇ ಡಬ್ಬಿಯಲ್ಲಿ.

ವೈಲ್

ನಮಗೆ ಗೊತ್ತಿರುವ ‘ವೈಲ್’ ಅಂದರೆ ‘ಆ ಹೊತ್ತಿನಲ್ಲಿ’. ಯಾರ್ಕ್‌ಷೈರಿನಲ್ಲಿ ಅದಕ್ಕೆ ‘ವರೆಗೆ’ ಎಂಬ ಅರ್ಥವೂ ಇದೆ. ‘ನೈನ್ ವೈಲ್ ಫೈವ್’ ಅಂದರೆ ಒಂಬತ್ತರಿಂದ ಐದರವರೆಗೆ ಡ್ಯೂಟಿ. ಇದು ಹಳ್ಳಿಯವರ ತಪ್ಪು ಅಂದುಕೊಳ್ಳುವವರಿಗೆ ಒಂದು ಮಾತು: ಷೇಕ್ಸ್‌ಪಿಯರ್ ಕೂಡ ‘ಮ್ಯಾಕ್‌ಬೆತ್’ನಲ್ಲಿ ಈ ಪದವನ್ನು ‘ವರೆಗೆ’ ಎಂಬರ್ಥದಲ್ಲಿ ಬಳಸಿದ್ದಾನೆ. ಲಂಡನ್ ಅದನ್ನು ಬಿಟ್ಟಿತು, ಉತ್ತರ ಇಟ್ಟುಕೊಂಡಿತು.

ಯಾರ್ಕ್‌ಷೈರಿನವರು ತಾವೇ ಹೇಳಿಕೊಂಡು ನಗುವ ಒಂದು ಕತೆಯಿದೆ. ರೈಲ್ವೆ ಗೇಟಿನ ಹತ್ತಿರ ‘ದೀಪ ಮಿನುಗುತ್ತಿರುವಾಗ ಕಾಯಿರಿ’ ಎಂದು ಫಲಕ ಹಾಕಿದರಂತೆ. ಅಲ್ಲಿಯವನು ಅದನ್ನು ತನ್ನ ಮಾತಿನಲ್ಲಿ ಓದಿಕೊಂಡು, ದೀಪ ಮಿನುಗುವ ‘ವರೆಗೆ’ ಶಿಸ್ತಾಗಿ ಕಾದು, ಮಿನುಗಿದ ಕೂಡಲೇ ಗಾಡಿ ಮುಂದಕ್ಕೆ ಬಿಟ್ಟನಂತೆ. ಕತೆ ನಿಜವೋ ಸುಳ್ಳೋ, ಒಂದೇ ಪದ ಎರಡು ಊರಲ್ಲಿ ಎರಡು ಅರ್ಥ ಕೊಟ್ಟರೆ ಏನಾಗುತ್ತದೆ ಎಂಬುದಂತೂ ಅದರಲ್ಲಿದೆ. ಹೊಸಬರು ಹೆದರಬೇಕಾದದ್ದು ಗೊತ್ತಿಲ್ಲದ ಪದಗಳಿಗಲ್ಲ. ಗೊತ್ತಿದೆ ಅನ್ನಿಸುವ ಪದಗಳೇ ಕೈಕೊಡುವುದು.

ದಿ

‘ಕಮ್ ಫಾರ್ ದಿ ಟೀ’ ಎಂದಾಗ ನನ್ನ ವಿದ್ಯಾರ್ಥಿನಿ ಆ ‘ದಿ’ಯನ್ನು ನಾವೆಲ್ಲ ಕಲಿತ ಆರ್ಟಿಕಲ್ ಅಂದುಕೊಂಡಳು. ಅದು ಆರ್ಟಿಕಲ್ ಅಲ್ಲ. ‘ನಿನ್ನ’ ಎಂಬ ಅರ್ಥದ ‘ದೈ’ ಎಂಬ ಹಳೆಯ ಪದ, ಆಡುಮಾತಿನಲ್ಲಿ ‘ದಿ’ ಎಂದು ಚಿಕ್ಕದಾಗಿದೆ. ಅವರು ಕರೆದದ್ದು ‘ನಿನ್ನ ಟೀಗೆ ಬಾ’ ಎಂದು.

ಇದು ಕನ್ನಡಿಗರಿಗೆ ಬೇಗ ಹಿಡಿಸುವ ಪಾಠ. ಇಂಗ್ಲಿಷಿನಲ್ಲೂ ಹಿಂದೆ ನಮ್ಮ ಹಾಗೆ ನೀನು, ನೀವು ಎರಡೂ ಇದ್ದವು. ‘ದೌ’ ಅಂದರೆ ನೀನು, ‘ಯು’ ಅಂದರೆ ನೀವು. ಹದಿನೇಳನೇ ಶತಮಾನ ಮುಗಿಯುವ ಹೊತ್ತಿಗೆ ಲಂಡನ್ನಿನ ಮಾತಿನಲ್ಲಿ ‘ದೌ’ ಹೆಚ್ಚುಕಡಿಮೆ ಮರೆಯಾಗಿ, ದೊರೆಗೂ ನಾಯಿಗೂ ಒಂದೇ ‘ಯು’ ಉಳಿಯಿತು. ಯಾರ್ಕ್‌ಷೈರಿನ ಹಿರಿಯರಲ್ಲಿ, ಅದರಲ್ಲೂ ಬಾರ್ನ್‌ಸ್ಲಿಯ ಸುತ್ತಮುತ್ತ, ಆ ಏಕವಚನ ಇನ್ನೂ ಉಸಿರಾಡುತ್ತಿದೆ: ‘ದಾ’ ನೀನು, ‘ದೀ’ ನಿನ್ನನ್ನು, ‘ದಿ’ ನಿನ್ನ, ‘ದಿಸೆನ್’ ನೀನೇ. ಸಲಿಗೆಯವರೊಡನೆ ಮಾತ್ರ ಈ ಮಾತು. ಚಿಕ್ಕವನು ದೊಡ್ಡವರಿಗೆ ‘ದಾ’ ಅಂದರೆ ಹಿಂದೆ ಗದರಿಕೆ ಬೀಳುತ್ತಿತ್ತು. ‘ನನ್ನ ಹತ್ತಿರ ಏಕವಚನದಲ್ಲಿ ಮಾತಾಡಬೇಡ’ ಎಂದು ನಮ್ಮಲ್ಲಿ ರೇಗುವುದಿಲ್ಲವೇ, ಅದೇ. ದಕ್ಷಿಣ ಕನ್ನಡದ ಹವ್ಯಕರು ‘ನಾನು’ ಎನ್ನದೆ ‘ಆನು’ ಎಂದಾಗ ಹಳಗನ್ನಡದ ‘ಆನ್’ ಕೇಳಿಸುವಂತೆ, ಇಲ್ಲಿ ಹಳೆಯ ಇಂಗ್ಲಿಷು ಕೇಳಿಸುತ್ತದೆ.

ಹಾಗಾದರೆ ಅವರ ಆರ್ಟಿಕಲ್ ಎಲ್ಲಿ ಹೋಯಿತು? ಯಾರ್ಕ್‌ಷೈರಿನಲ್ಲಿ ಅದು ಬರೀ ‘ಟ್’ ಎಂಬಷ್ಟಕ್ಕೆ ಕುಗ್ಗಿದೆ. ಎಷ್ಟೋ ಸಲ ಅದೂ ಇಲ್ಲ, ಗಂಟಲಲ್ಲಿ ಕ್ಷಣ ಗಾಳಿ ತಡೆದು ಬಿಟ್ಟ ಹಾಗೆ ಅಷ್ಟೆ. ‘ಡೌನ್ ಟ್ ಪಬ್’ ಎಂದು ಬರೆಯುತ್ತಾರೆ. ಕಿವಿಗೆ ಬೀಳುವುದು ‘ಡೌನ್’, ಒಂದು ಸಣ್ಣ ತಡೆ, ‘ಪಬ್’. ಈ ತಡೆಗೆ ಕಿವಿ ಒಗ್ಗಲು ಒಂದು ತಿಂಗಳು ಕೊಡಿ.

ಟೀ

ಊಟದ ಹೆಸರುಗಳಲ್ಲಿ ಉತ್ತರ, ದಕ್ಷಿಣ ಇಂಗ್ಲೆಂಡಿಗೆ ಹಳೆಯ ಜಗಳವಿದೆ. ಉತ್ತರದ ದುಡಿಯುವ ಮನೆಗಳಲ್ಲಿ ಮಧ್ಯಾಹ್ನದ ಊಟ ‘ಡಿನ್ನರ್’, ಸಂಜೆ ಕೆಲಸ ಮುಗಿಸಿ ಬಂದು ಮಾಡುವ ಊಟ ‘ಟೀ’. ದಕ್ಷಿಣದ ಅನುಕೂಲಸ್ಥರಿಗೆ ಮಧ್ಯಾಹ್ನದ್ದು ‘ಲಂಚ್’, ರಾತ್ರಿಯದು ‘ಡಿನ್ನರ್’. ‘ಟೀಗೆ ಬಾ’ ಅಂದರೆ ಊಟಕ್ಕೆ ಬಾ ಎಂದೇ ಲೆಕ್ಕ. ಬರೀ ಚಹಾ ಆಗಿದ್ದರೆ ‘ಎ ಕಪ್ ಆಫ್ ಟೀ’ ಎಂದೋ ‘ಬ್ರೂ’ ಎಂದೋ ಹೇಳುತ್ತಿದ್ದರು. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ‘ಚಾ ಆಯ್ತಾ?’ ಎಂದು ಕೇಳಿದರೆ ತಿಂಡಿಯನ್ನೂ ಸೇರಿಸಿಯೇ ಕೇಳಿದ್ದು. ಅದು ಗೊತ್ತಿದ್ದವರಿಗೆ ಇದು ಹೊಸದೇನಲ್ಲ.

ತಿನ್ನುವ ವಸ್ತುಗಳ ಹೆಸರಂತೂ ಹತ್ತಿಪ್ಪತ್ತು ಮೈಲಿಗೊಮ್ಮೆ ಬದಲಾಗುತ್ತದೆ. ಅಂಗೈಯಗಲದ ದುಂಡನೆಯ ಒಂದು ಬ್ರೆಡ್ಡನ್ನೇ ತೆಗೆದುಕೊಳ್ಳಿ. ಬಾರ್ನ್‌ಸ್ಲಿಯಲ್ಲಿ ಅದು ‘ಬ್ರೆಡ್‌ಕೇಕ್’. ಬೆಟ್ಟ ದಾಟಿ ಮ್ಯಾಂಚೆಸ್ಟರಿಗೆ ಹೋದರೆ ‘ಬಾರ್ಮ್’. ನಾಟಿಂಗ್‌ಹ್ಯಾಮ್, ಡರ್ಬಿಯಲ್ಲಿ ‘ಕಾಬ್’. ಕವೆಂಟ್ರಿಯಲ್ಲಿ ‘ಬ್ಯಾಚ್’. ನ್ಯೂಕ್ಯಾಸಲ್‌ನಲ್ಲಿ ಇನ್ನೂ ಚಪ್ಪಟೆಯಾದ, ಅಗಲವಾದ ‘ಸ್ಟಾಟಿ’. ಪಶ್ಚಿಮ ಯಾರ್ಕ್‌ಷೈರಿನಲ್ಲಿ ಇದೇ ಬ್ರೆಡ್ಡಿಗೆ ‘ಟೀಕೇಕ್’ ಅನ್ನುವವರಿದ್ದಾರೆ, ಬೇರೆ ಕಡೆ ‘ಟೀಕೇಕ್’ ಅಂದರೆ ಒಣದ್ರಾಕ್ಷಿ ಹಾಕಿದ್ದು. ಅಂಗಡಿಯಲ್ಲಿ ಗಲಿಬಿಲಿಯಾದರೆ ಬೆರಳು ತೋರಿಸಿ, ‘ಇದಕ್ಕೆ ಇಲ್ಲಿ ಏನನ್ನುತ್ತಾರೆ?’ ಎಂದು ಕೇಳಿ. ಅಂಗಡಿಯವರಷ್ಟೇ ಅಲ್ಲ, ಸಾಲಿನಲ್ಲಿ ನಿಂತವರೂ ಮಾತಿಗೆ ಸೇರುತ್ತಾರೆ. ಅಲ್ಲಿನವರಿಗೆ ಇದಕ್ಕಿಂತ ಪ್ರೀತಿಯ ಚರ್ಚೆ ಇನ್ನೊಂದಿಲ್ಲ.

ಬೆರಳು ತೋರಿಸಿ ಕೇಳುವ ಈ ಉಪಾಯವನ್ನು ವಿದ್ವಾಂಸರೂ ಬಳಸಿದ್ದಾರೆ. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಅವರ ಮುಂದಾಳತ್ವದಲ್ಲಿ 1950ರಿಂದ 1961ರವರೆಗೆ ಇಂಗ್ಲಿಷ್ ಪ್ರಾದೇಶಿಕ ನುಡಿಗಳ ದೊಡ್ಡ ಸಮೀಕ್ಷೆ ನಡೆಯಿತು. 313 ಊರುಗಳಿಗೆ, ಹೆಚ್ಚಾಗಿ ಹಳ್ಳಿಗಳಿಗೆ ಹೋಗಿ, ಅಲ್ಲೇ ಹುಟ್ಟಿ ಬೆಳೆದ ವಯಸ್ಸಾದವರನ್ನು ಹುಡುಕಿ, 1,300ಕ್ಕೂ ಹೆಚ್ಚು ಪ್ರಶ್ನೆ ಕೇಳಿದರು. ಪ್ರಶ್ನೆ ಕೇಳುವವರು ಪದವನ್ನು ತಾವಾಗಿ ಹೇಳುತ್ತಿರಲಿಲ್ಲ. ವಸ್ತುವನ್ನು ತೋರಿಸಿ ಇಲ್ಲವೇ ವರ್ಣಿಸಿ, ಹೆಸರು ಮಾತ್ರ ಆ ಅಜ್ಜನ ಬಾಯಿಂದ ಬರಲಿ ಎಂದು ಕಾಯುತ್ತಿದ್ದರು.

ನೌಟ್

‘ನೌಟ್’ ಅಂದರೆ ಏನೂ ಇಲ್ಲ. ‘ಔಟ್’ ಅಂದರೆ ಏನಾದರೂ. ‘ಸಮ್ಮಟ್’ ಅಂದರೆ ಏನೋ ಒಂದು. ‘ಇಟ್ಸ್ ನೌಟ್ ಫ್ಯಾನ್ಸಿ’ ಎಂದರೆ ‘ವಿಶೇಷ ಏನಿಲ್ಲ, ಇದ್ದದ್ದರಲ್ಲಿ’ ಎಂದು ನಾವು ಅತಿಥಿಗಳನ್ನು ಕರೆಯುವಾಗ ಹೇಳುತ್ತೇವಲ್ಲ, ಅದೇ ವಿನಯ. ನೌಟ್ ಎಂಬುದು ನಾವು ಓದುವ ‘ನಥಿಂಗ್’ನ ಅಪಭ್ರಂಶವಲ್ಲ. ಅದರ ಮೂಲವೇ ಬೇರೆ. ಹಳೆಯ ಇಂಗ್ಲಿಷಿನ ‘ನಾವಿಹ್ಟ್’ ಎಂಬುದರಿಂದ ಬಂದ, ಸೊನ್ನೆ ಎಂಬರ್ಥದ ‘ನಾಟ್’ಗೆ ಒಡಹುಟ್ಟಿದ ಪದ.

ಇಂಥ ಪದಗಳ ವಂಶಾವಳಿ ಬರೆದವರ ಕತೆಯನ್ನು ಹೇಳದೆ ನನ್ನ ಪಾಠ ಮುಗಿಯುವುದಿಲ್ಲ. ಜೋಸೆಫ್ ರೈಟ್ 1855ರಲ್ಲಿ ಯಾರ್ಕ್‌ಷೈರಿನ ಬ್ರ್ಯಾಡ್‌ಫರ್ಡ್ ಹತ್ತಿರ ಬಡ ಮನೆಯಲ್ಲಿ ಹುಟ್ಟಿದರು. ಆರು ವರ್ಷಕ್ಕೇ ಕಲ್ಲು ಗಣಿಯಲ್ಲಿ ಕತ್ತೆ ಹೊಡೆಯುವ ಕೆಲಸ, ಆಮೇಲೆ ಉಣ್ಣೆ ಗಿರಣಿ. ಹದಿನೈದು ವರ್ಷವಾದರೂ ಓದಲು ಬರುತ್ತಿರಲಿಲ್ಲ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ದುಡ್ಡು ಕೂಡಿಟ್ಟು ಜರ್ಮನಿಗೆ ಹೋಗಿ, ಹೈಡಲ್‌ಬರ್ಗಿನಲ್ಲಿ ಡಾಕ್ಟರೇಟ್ ಪಡೆದು, ಕೊನೆಗೆ 1901ರಲ್ಲಿ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರೊಫೆಸರ್ ಆದರು. ಕಾದಂಬರಿಕಾರ ಟೋಲ್ಕಿನ್ ಇವರ ಶಿಷ್ಯರಾಗಿದ್ದರು. ಅಷ್ಟು ಓದಿದ ಮೇಲೆ ರೈಟ್ ಮಾಡಿದ ದೊಡ್ಡ ಕೆಲಸ ಗಿರಣಿಯ ಜತೆಗಾರರು, ಗಣಿಯವರು, ಕುರಿ ಕಾಯುವವರು ಆಡುವ ಪದಗಳನ್ನು ಕೂಡಿಸಿದ್ದು. 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಅವರ ಇಂಗ್ಲಿಷ್ ಪ್ರಾದೇಶಿಕ ನುಡಿಗಳ ನಿಘಂಟು ಹೊರಬಂತು. ಓದು ಬಾರದ ಹುಡುಗನ ಬಾಯಲ್ಲಿದ್ದ ಮಾತಿಗೂ ಇತಿಹಾಸವಿದೆ ಎಂಬುದಕ್ಕೆ ಆರು ಸಂಪುಟದ ಸಾಕ್ಷಿ ಅದು.

ಆ ಇತಿಹಾಸದ ಒಂದು ದೊಡ್ಡ ಎಳೆ ಸಮುದ್ರದಾಚೆಯದು. 866ರಲ್ಲಿ ವೈಕಿಂಗರು ಯಾರ್ಕ್ ಪಟ್ಟಣ ಹಿಡಿದರು. ಲೂಟಿಗೆ ಬಂದವರಲ್ಲಿ ಎಷ್ಟೋ ಜನ ನೆಲೆ ನಿಂತು ಹೊಲ ಉತ್ತರು, ಅವರ ಮಾತು ಊರಿನ ಮಾತಿನೊಳಗೆ ಬೆರೆಯಿತು. ತೊರೆಗೆ ‘ಬೆಕ್’, ಆಟವಾಡುವುದಕ್ಕೆ ‘ಲೇಕ್’, ಎರಡೂ ಆ ಕಡೆಯವು. ವಿಟ್ಬಿ, ಗ್ರಿಮ್ಸ್‌ಬಿ, ಸೆಲ್ಬಿ ಎಂಬ ಊರುಗಳ ಕೊನೆಯ ‘ಬಿ’ ಅಂದರೆ ಅವರ ಮಾತಿನಲ್ಲಿ ಹಳ್ಳಿ, ನಮ್ಮ ‘ಹಳ್ಳಿ’, ‘ಪುರ’ ಇದ್ದ ಹಾಗೆ. ಅಷ್ಟೇಕೆ, ನಾವು ದಿನಾ ಬಳಸುವ ‘ದೇ’, ‘ಎಗ್’, ‘ವಿಂಡೋ’, ‘ಸ್ಕೈ’ ಕೂಡ ಅಲ್ಲಿಂದಲೇ ಬಂದವು. ಕೆಲವು ಪದಗಳು ಲಂಡನ್ ತಲುಪಿ ಪುಸ್ತಕ ಸೇರಿದವು, ಉಳಿದವು ಊರಲ್ಲೇ ನಿಂತವು. ವ್ಯತ್ಯಾಸ ಅಷ್ಟೆ.

ಲವ್

ನರ್ಸ್ ಹುಡುಗಿಯರು ಮೊದಲ ವಾರ ಬೆಚ್ಚಿಬೀಳುವುದು ಇದಕ್ಕೆ. ಬಸ್ ಡ್ರೈವರ್ ‘ಲವ್’ ಅನ್ನುತ್ತಾನೆ, ತರಕಾರಿ ಅಂಗಡಿಯಾತ ‘ಲವ್’ ಅನ್ನುತ್ತಾನೆ. ಯಾರ್ಕ್‌ಷೈರಿನಲ್ಲಿ ಗಂಡಸರು ಗಂಡಸರಿಗೂ ಹೇಳುವುದುಂಟು. ಅದರಲ್ಲಿ ಪ್ರೇಮವೇನೂ ಇಲ್ಲ. ನಮ್ಮ ‘ಮಾರಾಯ’ದಲ್ಲಿ ಮಹಾರಾಯ ಎಷ್ಟಿದ್ದಾನೋ ಅಷ್ಟೇ. ನಾಟಿಂಗ್‌ಹ್ಯಾಮ್, ಡರ್ಬಿ, ಸ್ಟೋಕ್ ಕಡೆ ‘ಡಕ್’ ಅನ್ನುತ್ತಾರೆ, ಬಾತುಕೋಳಿಯಲ್ಲ ಅಂದುಕೊಂಡರೆ ಸಾಕು. ನ್ಯೂಕ್ಯಾಸಲ್‌ನಲ್ಲಿ ‘ಪೆಟ್’, ಬರ್ಮಿಂಗ್‌ಹ್ಯಾಮಿನಲ್ಲಿ ‘ಬ್ಯಾಬ್’, ಗ್ಲಾಸ್ಗೋದಲ್ಲಿ ಹೆಂಗಸರಿಗೆ ‘ಹೆನ್’. ಬ್ರಿಸ್ಟಲ್ ಸುತ್ತ ಹಿರಿಯರು ‘ಮೈ ಲವರ್’ ಎಂದರೂ ಗಾಬರಿಯಾಗಬೇಡಿ.

ಆಸ್ಪತ್ರೆಗೆ ಹೋಗುವವರು ಇನ್ನೊಂದು ಸಣ್ಣ ಪಟ್ಟಿ ಇಟ್ಟುಕೊಳ್ಳಿ. ‘ಪೂರ್ಲಿ’, ‘ಬ್ಯಾಡ್ಲಿ’ ಎಂದರೆ ಮೈ ಹುಷಾರಿಲ್ಲ. ‘ಜಿಗರ್ಡ್’ ಎಂದರೆ ಸುಸ್ತಾಗಿದೆ. ‘ಲಗ್’ ಕಿವಿ, ‘ಗಾಬ್’ ಬಾಯಿ. ‘ನಿದರ್ಡ್’ ಎಂದರೆ ಚಳಿಗೆ ನಡುಗಿ ಹೋಗಿದ್ದೇನೆ. ‘ಸ್ಪೆಲ್ಕ್’ ಈಶಾನ್ಯದ ಮಾತು, ಚರ್ಮದೊಳಗೆ ಸಿಕ್ಕ ಮರದ ಸಿಬಿರು. ‘ಮಾರ್ಡಿ’ ಎಂದರೆ ಮುಖ ಊದಿಸಿಕೊಂಡು ಕೂತವರು. ದಕ್ಷಿಣ ಯಾರ್ಕ್‌ಷೈರಿನ ಅಜ್ಜಿ ‘ಸ್ಪೈಸ್’ ಬೇಕು ಅಂದರೆ ಮಸಾಲೆಯಲ್ಲ, ಮಿಠಾಯಿ. ವಯಸ್ಸಾದವರು ‘ಆಮ್ ಸ್ಟಾರ್ವ್ಡ್’ ಎಂದರೆ ತಟ್ಟೆ ತರುವ ಮೊದಲು ಕಂಬಳಿ ಬೇಕೇ ಎಂದು ಕೇಳಿ. ಆ ಪದದ ಮೂಲ ಅರ್ಥ ‘ಸಾಯು’. ಮುಂದೆ ಪುಸ್ತಕದ ಇಂಗ್ಲಿಷಿನಲ್ಲಿ ಅದು ಹಸಿವಿನಿಂದ ಸಾಯುವುದಕ್ಕೆ ನಿಂತಿತು, ಉತ್ತರದಲ್ಲಿ ಚಳಿಯಿಂದ ಸಾಯುವುದಕ್ಕೂ ಬಂತು.

ವಾಕ್ಯದ ಆಚೆ

ಬಾರ್ನ್‌ಸ್ಲಿ ಬಿಟ್ಟು ಲಿವರ್‌ಪೂಲಿಗೆ ಹೋದರೆ ಪಾಠ ಹೊಸದಾಗಿ ಶುರು. ಅಲ್ಲಿನ ಮಾತಿಗೆ ‘ಸ್ಕೌಸ್’ ಎಂದು ಹೆಸರು, ನಾವಿಕರು ಉಣ್ಣುತ್ತಿದ್ದ ‘ಲಾಬ್‌ಸ್ಕೌಸ್’ ಎಂಬ ಮಾಂಸದ ಸಾರಿನಿಂದ ಬಂದದ್ದು. ಖುಷಿಯಾದರೆ ‘ಮೇಡ್ ಅಪ್’, ಚೆನ್ನಾಗಿದ್ದರೆ ‘ಬಾಸ್’, ಆಸ್ಪತ್ರೆ ‘ಆಜಿ’, ಪೊಲೀಸರು ‘ಬಿಜೀಸ್’. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನಿಂದ ಬಂದಿಳಿದವರ ಗುರುತೂ ಆ ಮಾತಿನಲ್ಲಿದೆ. ‘ದೌ’ ಹೋಗಿ ‘ಯು’ ಒಂದೇ ಉಳಿದಾಗ ಒಬ್ಬರೋ ಹಲವರೋ ತಿಳಿಯದ ತೊಂದರೆಯಾಯಿತಲ್ಲ, ಐರಿಷರು ಅದಕ್ಕೆ ‘ಯೂಸ್’ ಎಂಬ ಬಹುವಚನ ಮಾಡಿಕೊಂಡರು. ಲಿವರ್‌ಪೂಲಿನಲ್ಲಿ ಅದು ಇಂದಿಗೂ ಕೇಳಿಸುತ್ತದೆ.

ಲಂಡನ್ನಿನ ಕಾಕ್ನಿ ಪ್ರಾಸದ ಮಾತಿನದು ಒಗಟಿನ ಜಾತಿ. ಹೇಳಬೇಕಾದ ಪದಕ್ಕೆ ಪ್ರಾಸವಾಗುವ ಜೋಡಿ ಹುಡುಕಿ, ಆಮೇಲೆ ಪ್ರಾಸದ ಭಾಗವನ್ನೇ ನುಂಗಿಬಿಡುವುದು. ‘ಲುಕ್’ಗೆ ಪ್ರಾಸ ‘ಬುಚರ್ಸ್ ಹುಕ್’, ಕಟುಕನ ಕೊಕ್ಕೆ. ‘ಹುಕ್’ ನುಂಗಿದರೆ ಉಳಿಯುವುದು ‘ಬುಚರ್ಸ್’. ‘ಹ್ಯಾವ್ ಎ ಬುಚರ್ಸ್’ ಎಂದರೆ ಒಮ್ಮೆ ನೋಡು. ಕರಿ ತಿನ್ನಲು ಹೋಗುವುದಕ್ಕೆ ‘ರೂಬಿ’ ಅನ್ನುತ್ತಾರೆ. 1950ರ ದಶಕದಲ್ಲಿ ಹೆಸರಾಗಿದ್ದ ಬೆಲ್‌ಫಾಸ್ಟಿನ ಗಾಯಕಿ ರೂಬಿ ಮರ್ರಿ ಅವರ ಹೆಸರು ‘ಕರಿ’ಗೆ ಪ್ರಾಸವಾಯಿತು, ಅಷ್ಟೇ ಕಾರಣ. ಕೊಂಡಿ ನುಂಗಿ ಹೋಗಿರುವುದರಿಂದ ಬುದ್ಧಿ ಓಡಿಸಿ ಅರ್ಥ ಹಿಡಿಯಲಾಗದು, ಕೇಳಿ ತಿಳಿಯಬೇಕು.

ನಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆನಿಂತ ಪದಗಳೂ ಇವೆ. ಹುಚ್ಚು ಹಿಡಿದವರಂತೆ ಆಡುವವರಿಗೆ ‘ಡೂಲಾಲಿ’ ಅನ್ನುತ್ತಾರೆ. ಅದು ಮಹಾರಾಷ್ಟ್ರದ ನಾಸಿಕ್ ಹತ್ತಿರದ ದೇವಳಾಲಿ. ಊರಿಗೆ ಮರಳುವ ಹಡಗಿಗೆ ಕಾಯುವ ಬ್ರಿಟಿಷ್ ಸೈನಿಕರ ಶಿಬಿರ ಅಲ್ಲಿತ್ತು. ಬಿಸಿಲು, ಕೆಲಸವಿಲ್ಲದ ದಿನಗಳು, ಬಾರದ ಹಡಗು. ತಲೆ ಕೆಟ್ಟವರಿಗೆ ‘ಡೂಲಾಲಿ ಟ್ಯಾಪ್’ ಹಿಡಿದಿದೆ ಎನ್ನುತ್ತಿದ್ದರು. ‘ಟ್ಯಾಪ್’ ನಲ್ಲಿಯಲ್ಲ, ಜ್ವರವೆಂಬ ಅರ್ಥದ ‘ತಾಪ’. ಅವರು ತಮ್ಮ ದೇಶವನ್ನು ಪ್ರೀತಿಯಿಂದ ಕರೆಯುವ ‘ಬ್ಲೈಟಿ’ ನಮ್ಮ ‘ವಿಲಾಯತಿ’ಯೇ. ‘ಟೇಕ್ ಎ ಡೆಕ್ಕೊ’ ಎಂದರೆ ಹಿಂದಿಯ ‘ದೇಖೋ’.

ಕೊನೆಗೆ ಮೂರು ಮಾತು

ಒಂದು, ಪದ ಬರೆದುಕೊಳ್ಳುವಾಗ ಪಕ್ಕದಲ್ಲಿ ಊರಿನ ಹೆಸರನ್ನೂ ಬರೆದುಕೊಳ್ಳಿ. ಊರಿಲ್ಲದೆ ಈ ಪದಗಳಿಗೆ ಅರ್ಥವಿಲ್ಲ. ಎರಡು, ಕಿವಿಗೆ ಕಲಿಸಿ, ನಾಲಿಗೆಗೆ ಅವಸರ ಬೇಡ. ಬೆಂಗಳೂರಿನವನು ಹುಬ್ಬಳ್ಳಿಗೆ ಹೋದ ಮೂರನೇ ದಿನ ‘ಏನ್ಲೇ’ ಎಂದರೆ ಹೇಗಿರುತ್ತದೋ, ಹೊಸಬರ ಬಾಯಲ್ಲಿ ‘ದಾ’ ಹಾಗೆಯೇ ಇರುತ್ತದೆ. ಅರ್ಥವಾದರೆ ಸಾಕು, ಉತ್ತರ ನಿಮ್ಮ ಇಂಗ್ಲಿಷಿನಲ್ಲೇ ಕೊಡಿ. ಮೂರು, ಹೋಗುವ ಮೊದಲೇ ಕಿವಿ ಹದ ಮಾಡಿಕೊಳ್ಳಬೇಕಾದರೆ ಕೆನ್ ಲೋಚ್ ಬಾರ್ನ್‌ಸ್ಲಿಯಲ್ಲೇ ಚಿತ್ರೀಕರಿಸಿದ 1969ರ ‘ಕೆಸ್’ ಸಿನಿಮಾ ನೋಡಿ. ಮೊದಲ ಸಲ ಕೆಳಗೆ ಅಕ್ಷರ ಓದುತ್ತಾ, ಎರಡನೇ ಸಲ ಅಕ್ಷರ ಮುಚ್ಚಿ.

ಈಗ ಆ ಮಾತಿಗೆ ಮರಳಿ. ‘ಆಮ್ ಆನ್ ನೈನ್ ವೈಲ್ ಫೈವ್. ಕಮ್ ಫಾರ್ ದಿ ಟೀ ಆಫ್ಟರ್. ಇಟ್ಸ್ ನೌಟ್ ಫ್ಯಾನ್ಸಿ, ಲವ್.’ ನೀವೇ ಕನ್ನಡಕ್ಕೆ ತನ್ನಿ ನೋಡೋಣ. ‘ಒಂಬತ್ತರಿಂದ ಐದರವರೆಗೆ ನನ್ನ ಡ್ಯೂಟಿ. ಆಮೇಲೆ ಊಟಕ್ಕೆ ಬಾರೆ ನಮ್ಮನೆಗೆ. ವಿಶೇಷ ಏನಿಲ್ಲವ್ವಾ.’ ಎರಡು ವಾರದ ಹಿಂದೆ ಬಂದ ಹುಡುಗಿಯನ್ನು ಆ ಹಿರಿಯಾಕೆ ಮನೆಯವಳ ಹಾಗೆ ಏಕವಚನದಲ್ಲಿ ಕರೆದಿದ್ದರು. ಇದನ್ನು ಫೋನಿನಲ್ಲಿ ಬಿಡಿಸಿ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಮುಂದಿನ ತಿಂಗಳು ಮತ್ತೆ ಟೀಗೆ ಕರೆ ಬಂತಂತೆ. ಆ ದಿನ ಅವಳು ಮಧ್ಯಾಹ್ನದಿಂದಲೇ ಹಸಿದುಕೊಂಡಿದ್ದಳು.